ಹತ್ತಕ್ಕೆ ಒಂಬತ್ತು ಅಂದ್ರೆ ಏನರ್ಥ?

ಮೊನ್ನೆ ಒಂದು ಭಾನುವಾರ ಲಗ್ಗೆರೆಗೆ ಹೋಗಿದ್ದೆ. ಇಂಜಿನಿಯರಿಂಗ್‌ನಲ್ಲಿ ಜೊತೆಗೆ ಓದಿದ ಗೆಳೆಯನ ಮನೆ ಅಲ್ಲಿದೆ. ಅವನ ಮನೆಯ ಕೆಳಗೆ ಬಾಡಿಗೆಗೆ ಇರೋರು ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್, ಕುಣಿಗಲ್ ಕಡೆಯವರು. ಟಿವಿಯಲ್ಲಿ ಬರೋರು ಬಂದಿದ್ದಾರೆ ಅಂತ ಗೊತ್ತಾಗಿ ಮೇಲೆ ಬಂದರು. ಮುಖ್ಯಮಂತ್ರಿ ಬದಲಾಗ್ತಾರಾ ಅಂತ ಕೇಳ್ತಾರೆ ಅಂದುಕೊಂಡೆ. ಎಲ್ಲರೂ ಅದನ್ನೇ ಕೇಳೋದು. ಇವರ ಕೈಯಲ್ಲಿದ್ದದ್ದು ಒಂದು ವಿಡಿಯೋ ಗೇಮ್ ಡಿಸ್ಕ್.

"ಸಾರ್, ಈ ಗೇಮ್‌ಗಳಿಗೆ ಮಾರ್ಕ್ಸ್ ಕೊಡೋರು ಯಾರು?"

ವಿಷಯ ಇಷ್ಟು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ. ಸಂಬಂಧಿಕರೊಬ್ಬರ ಹಳೇ ಗೇಮ್ ಕನ್ಸೋಲ್ ಮನೆಗೆ ಬಂದಿತ್ತು. ಓಟಿ ಮಾಡಿದ ದುಡ್ಡಲ್ಲಿ ಒಂದು ಹೊಸ ಗೇಮ್ ಕೊಡಿಸೋಣ ಅಂತ ಅಪ್ಪ ಅಂಗಡಿಗೆ ಹೋದರು. ಬೆಲೆ ನಾಲ್ಕು ಸಾವಿರ ಚಿಲ್ಲರೆ. ಹಿಂದೆ ಮುಂದೆ ನೋಡಿದಾಗ ಅಂಗಡಿಯವನು ಮೊಬೈಲ್ ತೆಗೆದು ವಿಮರ್ಶೆ ತೋರಿಸಿದ: ಹತ್ತಕ್ಕೆ ಒಂಬತ್ತು. "ಹತ್ತಕ್ಕೆ ಒಂಬತ್ತು ಅಂದ್ಮೇಲೆ ಇನ್ನೇನ್ ಸಾರ್ ಯೋಚ್ನೆ ಮಾಡೋದು" ಅಂದರು.

ಮನೆಗೆ ತಂದು ಹಾಕಿದರೆ ಐದು ನಿಮಿಷಕ್ಕೊಮ್ಮೆ ಚಿತ್ರ ನಿಲ್ಲುತ್ತೆ. ಕೆಲವು ಸಲ ಕನ್ಸೋಲೇ ಆಫ್ ಆಗುತ್ತೆ. ಸೀಲ್ ಒಡೆದ ಡಿಸ್ಕ್ ವಾಪಸ್ ತಗೊಳ್ಳಲ್ಲ ಅಂತ ಅಂಗಡಿಯವನು ಕೈ ಎತ್ತಿದ. "ದುಡ್ಡು ಹೋಗ್ಲಿ ಬಿಡಿ. ಮಗ ಮಾತ್ರ 'ಚೆನ್ನಾಗೇ ಇದೆ ಬಿಡಪ್ಪ' ಅಂತಾನೆ ಸಾರ್. ನಂಗೆ ಬೇಜಾರಾಗ್ಬಾರ್ದು ಅಂತ ಹಂಗಂತಾನೆ. ಅದೇ ಸಂಕಟ."

ಅವತ್ತು ಅಲ್ಲೇ ಕೂತು ಆ ವಿಮರ್ಶೆ ಓದಿದೆ. ಒಂಬತ್ತು ಕೊಟ್ಟಿದ್ದು ನಿಜ. ಆದರೆ ಗೇಮ್ ಆಡಿ ನೋಡಿದ್ದು ದುಬಾರಿ ಕಂಪ್ಯೂಟರ್‌ನಲ್ಲಿ. ಹಳೇ ಕನ್ಸೋಲ್ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಇದು ಅವರೊಬ್ಬರ ಕಥೆಯಲ್ಲ. ಇಡೀ ಜಗತ್ತು ನೋಡಿದ ಬೇರೊಂದು ಗೇಮ್‌ನ ಉದಾಹರಣೆ ಹೇಳ್ತೀನಿ. 2020ರ ಡಿಸೆಂಬರ್ 10ರಂದು ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಬಿಡುಗಡೆಯಾಯಿತು. ಅದಕ್ಕೂ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ತಾವೇ ಆಡಿ ರೆಕಾರ್ಡ್ ಮಾಡಿದ ದೃಶ್ಯಗಳನ್ನು ವಿಮರ್ಶೆಯಲ್ಲಿ ತೋರಿಸೋದಕ್ಕೂ ಆಗ ಅವಕಾಶ ಇರಲಿಲ್ಲ. ಅಂಕಗಳು ಭರ್ಜರಿಯಾಗಿ ಬಂದವು. ಹಳೇ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರ ಮನೆಯಲ್ಲಿ ಗೇಮ್ ಕುಸಿದು ಬಿತ್ತು. ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ ಅದೇ ಗೇಮ್‌ನ ಕಂಪ್ಯೂಟರ್ ಆವೃತ್ತಿಗೆ ನೂರಕ್ಕೆ 86, ಪ್ಲೇಸ್ಟೇಷನ್ 4 ಆವೃತ್ತಿಗೆ 57! ಬಿಡುಗಡೆಯಾದ ಒಂದು ವಾರದಲ್ಲೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದು ಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂತು. ಗೇಮ್ ಮತ್ತೆ ಅಲ್ಲಿಗೆ ಬಂದಿದ್ದು 2021ರ ಜೂನ್‌ನಲ್ಲಿ.

ಹಾಗಾದರೆ ಈ ಅಂಕ ಅಂದರೆ ಏನು? ಪೀಣ್ಯದ ಭಾಷೆಯಲ್ಲೇ ಹೇಳ್ತೀನಿ. ಒಂದು ಶಾಫ್ಟ್‌ನ ವ್ಯಾಸ 25 ಮಿಲಿಮೀಟರ್ ಅಂದರೆ ನೀವು ಅಳೆದರೂ 25, ನಾನು ಅಳೆದರೂ 25. ಅದು ಅಳತೆ. ಗೇಮ್‌ಗೆ ಕೊಡೋ ಒಂಬತ್ತು ಅಳತೆ ಅಲ್ಲ, ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಅಂಕಿಯ ಅಂಗಿ ತೊಡಿಸಿದ್ದಾರೆ, ಅಷ್ಟೇ. ಅಂಕಿ ನೋಡಿದ ಕೂಡಲೇ ನಮಗೆ ವರ್ನಿಯರ್ ಹಿಡಿದು ಅಳೆದಷ್ಟು ನಂಬಿಕೆ ಬಂದುಬಿಡುತ್ತೆ.

ಈ ಪದ್ಧತಿ ಹಳೆಯದು. ಜಪಾನಿನ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ಹತ್ತತ್ತು ಅಂಕದಲ್ಲಿ ಕೊಡ್ತಾರೆ, ಒಟ್ಟು ನಲವತ್ತು. ನಲವತ್ತಕ್ಕೆ ನಲವತ್ತು ಮೊದಲು ಸಿಕ್ಕಿದ್ದು 1998ರಲ್ಲಿ, 'ಜೆಲ್ಡಾ: ಒಕರಿನಾ ಆಫ್ ಟೈಮ್' ಗೇಮ್‌ಗೆ. 2001ರಲ್ಲಿ ಮೆಟಾಕ್ರಿಟಿಕ್ ಶುರುವಾಯಿತು. ಬೇರೆ ಬೇರೆ ವಿಮರ್ಶಕರ ಅಂಕಗಳನ್ನು ನೂರಕ್ಕೆ ತಂದು ಒಂದೇ ಸಂಖ್ಯೆ ಮಾಡೋದು ಅದರ ಕೆಲಸ. ಆದರೆ ಎಲ್ಲರ ಅಂಕಕ್ಕೂ ಒಂದೇ ತೂಕ ಇಲ್ಲ. ಯಾರ ಅಂಕಕ್ಕೆ ಎಷ್ಟು ತೂಕ ಅನ್ನೋದನ್ನು ಅವರು ಹೇಳೋದೂ ಇಲ್ಲ.

ಇನ್ನೊಂದು ತಮಾಷೆ ನೋಡಿ. ಅಲ್ಲಿ ಸಿನಿಮಾಗೆ 61 ಬಂದರೆ ಹಸಿರು ಬಣ್ಣ. ಗೇಮ್‌ಗೆ ಹಸಿರು ಬೇಕಾದರೆ 75 ಬರಬೇಕು. ಯಾಕೆ? ಗೇಮ್ ವಿಮರ್ಶಕರು ಧಾರಾಳಿಗಳು. ಹತ್ತಕ್ಕೆ ಐದು ಅಂದರೆ ಸುಮಾರು ಅಂತ ಇರಬೇಕಿತ್ತು. ಈ ಲೋಕದಲ್ಲಿ ಏಳು ಅಂದರೇನೇ ಸುಮಾರು. ಹಾಗಾಗಿ ಏಳು ನೋಡಿ ಫಸ್ಟ್ ಕ್ಲಾಸ್ ಅಂತ ಹಿಗ್ಗಬೇಡಿ.

ಸರಾಸರಿಯದ್ದು ಇನ್ನೊಂದು ಮೋಸ. ಒಂದು ಗೇಮ್‌ಗೆ ಹತ್ತು ಜನ ತಲಾ 70 ಕೊಟ್ಟರು. ಇನ್ನೊಂದಕ್ಕೆ ಐದು ಜನ 95, ಐದು ಜನ 45 ಕೊಟ್ಟರು. ಎರಡರ ಸರಾಸರಿಯೂ 70. ಮೊದಲನೆಯದು ಯಾರಿಗೂ ತೊಂದರೆ ಕೊಡದ ಉಪ್ಪಿಟ್ಟು. ಎರಡನೆಯದು ಕೆಲವರಿಗೆ ಪ್ರಾಣ, ಕೆಲವರಿಗೆ ವಿಷ. ಎರಡೂ ಒಂದೇನಾ?

ಹಾಗಾದರೆ ವಿಮರ್ಶಕರನ್ನು ಬಿಟ್ಟು ಜನರ ಅಂಕ ನೋಡೋಣ ಅಂತೀರಾ? 2020ರ ಜೂನ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂದಾಗ ವಿಮರ್ಶಕರ ಸರಾಸರಿ 93. ಬಿಡುಗಡೆಯಾದ ದಿನವೇ ಸಾವಿರಾರು ಜನ ಸೊನ್ನೆ ಸುರಿದರು. ಅಷ್ಟು ಹೊತ್ತಿಗೆ ಆ ಗೇಮ್ ಆಡಿ ಮುಗಿಸೋಕೂ ಸಾಧ್ಯ ಇರಲಿಲ್ಲ! ಆಮೇಲೆ ಬಿಡುಗಡೆಯಾಗಿ 36 ಗಂಟೆ ಆಗೋವರೆಗೂ ಜನ ಅಂಕ ಹಾಕೋ ಹಾಗಿಲ್ಲ ಅಂತ ಮೆಟಾಕ್ರಿಟಿಕ್ ನಿಯಮ ತಂತು.

ಈ ಅಂಕ ಬರೀ ಕೊಳ್ಳುವವರ ಜೇಬಿಗೆ ಸಂಬಂಧಪಟ್ಟಿದ್ದಲ್ಲ, ಮಾಡುವವರ ಹೊಟ್ಟೆಪಾಡಿಗೂ ಸಂಬಂಧಪಟ್ಟಿದ್ದು. 2010ರಲ್ಲಿ ಅಮೆರಿಕದ ಅಬ್ಸಿಡಿಯನ್ ಸ್ಟುಡಿಯೋ 'ಫಾಲೌಟ್: ನ್ಯೂ ವೇಗಸ್' ಮಾಡಿತು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ. ಬಂದಿದ್ದು 84. ಒಂದೇ ಒಂದು ಅಂಕಕ್ಕೆ ಬೋನಸ್ ಕೈತಪ್ಪಿತು ಅನ್ನೋದನ್ನು 2012ರಲ್ಲಿ ಆ ಸ್ಟುಡಿಯೋದ ಕ್ರಿಸ್ ಅವೆಲೋನ್ ಬಹಿರಂಗವಾಗಿ ಹೇಳಿದರು. ಲಗ್ಗೆರೆಯ ನಮ್ಮ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ಪ್ರೊಡಕ್ಷನ್ ಟಾರ್ಗೆಟ್‌ಗೆ ಒಂದು ಪೀಸ್ ಕಮ್ಮಿ ಆದ್ರೆ ಇನ್ಸೆಂಟಿವ್ ಕಟ್. ಅಲ್ಲೂ ಹಂಗೇನಾ?" ಅಲ್ಲೂ ಹಾಗೇನೇ.

ಇದೆಲ್ಲ ದೂರದ ಮಾತು ಅನ್ನಬೇಡಿ. ನಮ್ಮ ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲೇ 'ಧ್ರುವ ಇಂಟರಾಕ್ಟಿವ್' ಕಟ್ಟಿದರು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರ, ಮಾದರಿ ಮಾಡಿಕೊಟ್ಟ ಕಂಪನಿ ಅದು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಕೈಸೇರಿತು. ರಾಕ್‌ಸ್ಟಾರ್‌ನ ಭಾರತೀಯ ಸ್ಟುಡಿಯೋ ಇರೋದೂ ಬೆಂಗಳೂರಿನಲ್ಲೇ. 2018ರ 'ರೆಡ್ ಡೆಡ್ ರಿಡೆಂಪ್ಶನ್ 2' ಗೇಮ್‌ಗೆ ಮೆಟಾಕ್ರಿಟಿಕ್‌ನಲ್ಲಿ 97 ಬಂತಲ್ಲ, ಅದನ್ನು ಮಾಡಿದ ರಾಕ್‌ಸ್ಟಾರ್ ಸ್ಟುಡಿಯೋಗಳಲ್ಲಿ ಇದೂ ಒಂದು. ಆ 97ರಲ್ಲಿ ನಮ್ಮೂರಿನ ಟ್ರಾಫಿಕ್ ದಾಟಿ ಕೆಲಸಕ್ಕೆ ಹೋದವರ ಬೆವರೂ ಇದೆ.

ಹಾಗಂತ ವಿಮರ್ಶಕರೆಲ್ಲ ಸುಳ್ಳುಗಾರರಾ? ಖಂಡಿತ ಅಲ್ಲ. 2007ರಲ್ಲಿ ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಗೇಮ್‌ಗೆ ಹತ್ತಕ್ಕೆ ಆರು ಕೊಟ್ಟರು. ಆ ಹೊತ್ತಿನಲ್ಲಿ ಅದೇ ಗೇಮ್‌ನ ಜಾಹೀರಾತು ಅವರ ತಾಣದ ತುಂಬಾ ಇತ್ತು. ಅವರ ಕೆಲಸ ಹೋಯಿತು. ಅಂಥ ಅಂಕಗಳ ಹಿಂದೆ ಜಾಹೀರಾತಿನವರ ಒತ್ತಡ ಇತ್ತು ಅಂತ 2012ರಲ್ಲಿ ಅವರೇ ಬಾಯಿಬಿಟ್ಟರು. ನಿಷ್ಠೆಯಿಂದ ಬರೆಯೋರೂ ಇದ್ದಾರೆ. ಅವರ ಅಂಕ ಬಿಡಿ, ಬರಹ ಓದಿ.

ಇನ್ನು ನಾವೇನು ಮಾಡಬೇಕು? ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಒಂದು, ಅಂಕ ಕೊಟ್ಟವರು ಆಡಿದ್ದು ಯಾವ ಯಂತ್ರದಲ್ಲಿ? ಮಗನ ಹತ್ತಿರ ಇರೋದು ಹಳೇ ಕನ್ಸೋಲೋ, ಕೈಯಲ್ಲಿ ಹಿಡಿಯೋ ಪುಟ್ಟ ಯಂತ್ರವೋ, ಅದೇ ಯಂತ್ರದ ವಿಮರ್ಶೆ ಹುಡುಕಿ. ಎರಡು, ಅತಿ ಹೆಚ್ಚು ಅಂಕ ಕೊಟ್ಟ ಒಂದು, ಅತಿ ಕಡಿಮೆ ಕೊಟ್ಟ ಒಂದು ಬರಹ ಓದಿ. ಜಗಳ ಎಲ್ಲಿದೆ ಅಂತ ಗೊತ್ತಾಗುತ್ತೆ. ಮೂರು, ಇವತ್ತೇ ಯಾಕೆ ಕೊಳ್ಳಬೇಕು? ಎರಡು ವಾರ ಕಾದರೆ ಯಾರದೋ ಮನೆಯಲ್ಲಿ ಅದು ನಿಂತುಹೋದ ಸುದ್ದಿ ಬಂದಿರುತ್ತೆ, ಬೆಲೆಯೂ ಇಳಿದಿರಬಹುದು.

ಆಪರೇಟರ್ ಸ್ನೇಹಿತರಿಗೂ ಇದನ್ನೇ ಹೇಳಿದೆ. ಡಿಸ್ಕ್ ಆಗಿರೋದು ಒಂದು ಪುಣ್ಯ, ಹಳೇ ಗೇಮ್ ಕೊಳ್ಳೋ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಹುದು, ಆದರೆ ಈ ಸಲ ಮಗನನ್ನೂ ಕರ್ಕೊಂಡು ಹೋಗಿ ಅಂದೆ. ಸುಮ್ಮನೆ ತಲೆಯಾಡಿಸಿದರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು: "ಸಾರ್, ನಿಮ್ಮ ಚಾನೆಲ್‌ಗೂ ಮಾರ್ಕ್ಸ್ ಇರತ್ತಲ್ಲ, ಟಿಆರ್‌ಪಿ ಅಂತ. ಅದೂ ಹಿಂಗೇನಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಟಿಆರ್‌ಪಿ ತಿರುಚಿದ ಆರೋಪ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ, ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗ್ ಪ್ರಕಟವೇ ಆಗಲಿಲ್ಲ. ಆ ಅಂಕಿಗೆ ತಕ್ಕಂತೆ ದನಿ ಏರಿಸೋರಲ್ಲಿ ನಾನೂ ಒಬ್ಬ. ಅದಕ್ಕೇ ಹೇಳಿದೆ: "ಹೌದು ಸಾರ್, ಅದೂ ಹೀಗೇನೇ. ನಂಬರ್ ಒನ್ ಅಂತ ನಾವೇ ಹೇಳಿಕೊಂಡಾಗಲೂ ಇದೇ ಪ್ರಶ್ನೆ ಕೇಳಿ. ಯಾರು ಅಳೆದರು, ಎಲ್ಲಿ ಅಳೆದರು, ಅದರಿಂದ ಯಾರಿಗೆ ಲಾಭ ಅಂತ."