ಹಳೆಯ ಗಿಟಾರಿನ ಒಡಲಲ್ಲಿ

2015ರಲ್ಲಿ ತೆರೆಕಂಡ ‘ದಿ ಹೇಟ್‌ಫುಲ್ ಎಯ್ಟ್’ ಎಂಬ ಹಾಲಿವುಡ್ ಚಿತ್ರದಲ್ಲಿ ಒಂದು ದೃಶ್ಯವಿದೆ. ಹಿಮಪಾತಕ್ಕೆ ಸಿಕ್ಕಿ ಒಂದೇ ಮನೆಯಲ್ಲಿ ತಂಗಿದವರ ನಡುವೆ ಕೈದಿ ಹೆಂಗಸೊಬ್ಬಳು ಗಿಟಾರ್ ನುಡಿಸುತ್ತ ಹಾಡುತ್ತಾಳೆ. ಅವಳನ್ನು ಹಿಡಿದು ತಂದವನು ಸಿಟ್ಟಿನಿಂದ ಗಿಟಾರನ್ನು ಕಸಿದು ಕಂಬಕ್ಕೆ ಅಪ್ಪಳಿಸುತ್ತಾನೆ. ನುಡಿಸುತ್ತಿದ್ದ ನಟಿ ಜೆನಿಫರ್ ಜೇಸನ್ ಲೀ ಬೆಚ್ಚಿಬಿದ್ದು ಕಿರುಚುತ್ತಾಳೆ. ಆ ಕಿರುಚಾಟ ಅಭಿನಯವಲ್ಲ. ಚೂರಾದ ಗಿಟಾರ್ 1870ರ ದಶಕದ್ದು. ಮಾರ್ಟಿನ್ ಕಂಪೆನಿಯ ವಸ್ತುಸಂಗ್ರಹಾಲಯದಿಂದ ಎರವಲು ತಂದದ್ದು. ಒಡೆಯುವ ಮುನ್ನ ಚಿತ್ರೀಕರಣ ನಿಲ್ಲಿಸಿ ನಕಲು ಗಿಟಾರನ್ನು ಕೈಗಿಡಬೇಕಿತ್ತು. ಆ ವಿಷಯ ಒಡೆಯಬೇಕಾದ ನಟ ಕರ್ಟ್ ರಸೆಲ್‌ಗೆ ತಿಳಿದಿರಲಿಲ್ಲ.

ವಿಮೆಯ ಹಣ ಬಂತು. ಆದರೆ ವಸ್ತುಸಂಗ್ರಹಾಲಯ ಇನ್ನು ಮುಂದೆ ಯಾವ ಚಿತ್ರಕ್ಕೂ ಗಿಟಾರ್ ಎರವಲು ಕೊಡುವುದಿಲ್ಲ ಎಂದು ಹೇಳಿಬಿಟ್ಟಿತು. ಅದನ್ನು ತಯಾರಿಸಿದ ಕಂಪೆನಿ ಇಂದೂ ಇದೆ, ನುರಿತ ಕೆಲಸಗಾರರಿದ್ದಾರೆ, ಅಳತೆಗಳೂ ಇವೆ. ಹಾಗಿದ್ದರೆ ಇನ್ನೊಂದನ್ನು ಮಾಡಿಕೊಂಡರಾಯಿತಲ್ಲ ಎಂದು ಕೇಳಬಹುದು. ಹಳೆಯ ಗಿಟಾರನ್ನು ನೋಡುವ ಕಣ್ಣಿದ್ದವರು ಹಾಗೆ ಕೇಳುವುದಿಲ್ಲ. ಆ ಕಾಲದ ಮರ, ಆ ಕಾಲದ ಅಂಟು, ಆ ಕಾಲದ ಕೈಕೆಲಸ ಮೂರೂ ಸೇರಿದ ದಾಖಲೆ ಅದು. ದಾಖಲೆಯ ಬಹುಭಾಗ ಹೊರಗೆ ಕಾಣುವುದೂ ಇಲ್ಲ, ಒಡಲೊಳಗೆ ಅಡಗಿರುತ್ತದೆ.

ಹಳೆಯ ಗಿಟಾರುಗಳ ಗುರುತು ಹಿಡಿಯುವ ವಿದ್ಯೆಗೆ ಮಾರ್ಟಿನ್ ಗಿಟಾರುಗಳೇ ಪಾಠಪುಸ್ತಕ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನ್ಯೂಕಿರ್ಖೆನ್ ಎಂಬ ಊರಿನಲ್ಲಿ 1796ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್, ವಿಯೆನ್ನಾದ ಪ್ರಸಿದ್ಧ ವಾದ್ಯಗಾರ ಸ್ಟಾಫರ್ ಬಳಿ ಕೆಲಸ ಕಲಿತವನು. ಊರಿಗೆ ಮರಳಿದರೆ ಅಲ್ಲಿ ಕಸುಬಿನ ಜಗಳ. ಪಿಟೀಲು ಮಾಡುವವರ ಸಂಘ, ಗಿಟಾರ್ ಮಾಡುವ ಹಕ್ಕು ತಮ್ಮದೆಂದಿತು. ಮಾರ್ಟಿನ್‌ನ ಮನೆತನ ಬಡಗಿಗಳ ಸಂಘಕ್ಕೆ ಸೇರಿತ್ತು. ಈ ತಕರಾರು ಬೇಸರ ತಂದು ಆತ 1833ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಮೊದಲು ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದು, ಐದಾರು ವರ್ಷಗಳಲ್ಲೇ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದ. ಕಂಪೆನಿ ಇಂದಿಗೂ ಅದೇ ಊರಿನಲ್ಲಿದೆ, ಅದೇ ಮನೆತನದ ಒಡೆತನದಲ್ಲಿದೆ.

ಹೊಸಬರು ಎಡವುವುದು ಇಲ್ಲೇ. ಹತ್ತೊಂಬತ್ತನೆಯ ಶತಮಾನದ ಮಾರ್ಟಿನ್ ಗಿಟಾರಿನ ದುಂಡು ಕಿಂಡಿಯೊಳಗೆ ಇಣುಕಿದರೆ ‘ನ್ಯೂಯಾರ್ಕ್’ ಎಂಬ ಮುದ್ರೆ ಕಾಣುತ್ತದೆ. ಅಂದ ಮಾತ್ರಕ್ಕೆ ಅದು ನ್ಯೂಯಾರ್ಕಿನಲ್ಲಿ ತಯಾರಾದದ್ದಲ್ಲ. ಮಾರಾಟದ ಏಜೆಂಟರು ಆ ನಗರದಲ್ಲಿದ್ದರೆಂಬ ಕಾರಣಕ್ಕೆ, ನಜರೆತ್‌ಗೆ ಬಂದು ಸುಮಾರು ಅರವತ್ತು ವರ್ಷಗಳಾದರೂ, 1898ರವರೆಗೆ ಆ ಹೆಸರನ್ನೇ ಒತ್ತುತ್ತಿದ್ದರು. ಆದರೂ ಮುದ್ರೆ ನಿರುಪಯೋಗಿಯಲ್ಲ. 1867ಕ್ಕೆ ಮುಂಚೆ ಅದರಲ್ಲಿ ಮಾರ್ಟಿನ್ ಹೆಸರಷ್ಟೇ ಇತ್ತು. ಆಮೇಲೆ ‘ಅಂಡ್ ಕಂಪೆನಿ’ ಸೇರಿಕೊಂಡಿತು. ಊರಿನ ವಿಷಯದಲ್ಲಿ ಸುಳ್ಳು ಹೇಳುವ ಮುದ್ರೆ ಕಾಲದ ವಿಷಯದಲ್ಲಿ ನಿಜ ಹೇಳುತ್ತದೆ.

1898ರಿಂದ ಕೆಲಸ ಸುಲಭ. ಆ ವರ್ಷ ಕಂಪೆನಿ ಪ್ರತಿ ಗಿಟಾರಿಗೂ ಕ್ರಮಸಂಖ್ಯೆ ಕೊಡತೊಡಗಿತು. ಅಲ್ಲಿಯವರೆಗೆ ಎಷ್ಟು ಮಾಡಿದ್ದೇವೆಂಬ ಲೆಕ್ಕ ಸರಿಯಾಗಿ ಇರಲಿಲ್ಲ. ಸುಮಾರು ಎಂಟು ಸಾವಿರ ಇರಬಹುದೆಂದು ಅಂದಾಜು ಮಾಡಿ 8000ದಿಂದ ಎಣಿಕೆ ಶುರು ಮಾಡಿದರು. ಆ ಎಣಿಕೆ ಇಂದಿನವರೆಗೆ ಮುರಿದಿಲ್ಲ. ಹತ್ತು ಲಕ್ಷದ ಗಡಿ ದಾಟಿದ್ದು 2004ರಲ್ಲಿ. ಸಂಖ್ಯೆಯನ್ನು ಒಡಲೊಳಗೆ, ಕತ್ತು ಬಂದು ಕೂಡುವ ಮರದ ದಿಮ್ಮಿಯ ಮೇಲೆ ಒತ್ತಿರುತ್ತಾರೆ. 1930ರ ಕೊನೆಯಿಂದ ಅದರ ಜೊತೆಗೆ ಮಾದರಿಯ ಹೆಸರೂ ಇರುತ್ತದೆ. ಬ್ಯಾಟರಿ ದೀಪ ಬಿಟ್ಟು ಓದಿಕೊಂಡು, ಕಂಪೆನಿ ಪ್ರಕಟಿಸಿರುವ ಪಟ್ಟಿಯೊಡನೆ ತಾಳೆ ನೋಡಿದರೆ ವರ್ಷ ಸಿಕ್ಕಿತು. ಎಲ್ಲ ಕಂಪೆನಿಗಳೂ ಇಷ್ಟು ಶಿಸ್ತಿನವಲ್ಲ. ಮಾರ್ಟಿನ್‌ನ ಹಳೆಯ ಪ್ರತಿಸ್ಪರ್ಧಿ ಗಿಬ್ಸನ್, 1960ರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಎರಡು ಮೂರು ಗಿಟಾರುಗಳಿಗೆ ಒತ್ತಿದ ನಿದರ್ಶನಗಳು ಬೇಕಾದಷ್ಟಿವೆ. ಅಲ್ಲಿ ಸಂಖ್ಯೆಯನ್ನು ನಂಬಿ ಕೂತರೆ ಕೆಟ್ಟಂತೆಯೇ.

ಸಂಖ್ಯೆ ಹೇಳುವುದು ಹುಟ್ಟಿದ ವರ್ಷವನ್ನು ಮಾತ್ರ. ಆಮೇಲೆ ಗಿಟಾರಿಗೆ ಏನಾಯಿತೆಂದು ಅದು ಹೇಳದು. ಅದಕ್ಕೆ ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ ಬೇಕು. ಕಿಂಡಿಯೊಳಗೆ ಅದನ್ನು ಇಳಿಸಿದರೆ ಮೇಲ್ಹಲಗೆಯ ಒಳಮೈ ಕಾಣುತ್ತದೆ. ಸ್ಪ್ರೂಸ್ ಮರದ ಈ ಹಲಗೆ ಹೆಚ್ಚೆಂದರೆ ಮೂರು ಮಿಲಿಮೀಟರ್ ದಪ್ಪ. ಉಕ್ಕಿನ ತಂತಿಗಳು ಅದನ್ನು ಹೆಚ್ಚುಕಡಿಮೆ ಒಬ್ಬ ಆಳಿನ ತೂಕದಷ್ಟು, ಅಂದರೆ 70 ಕಿಲೋ ಬಲದಿಂದ, ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತ ತಡೆಯಲು ಒಳಗೆ ಅಂಟಿಸಿದ ಮರದ ಪಟ್ಟಿಗಳಿರುತ್ತವೆ. ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಹಾಯುವ ಎರಡು ಪಟ್ಟಿಗಳ ವಿನ್ಯಾಸವನ್ನು ಮಾರ್ಟಿನ್ 1840ರ ದಶಕದಲ್ಲೇ ಬಳಸಿದ್ದ. ಇಂದು ಉಕ್ಕಿನ ತಂತಿಯ ಗಿಟಾರುಗಳಲ್ಲಿ ಬಹುಪಾಲು ಅದೇ ಕ್ರಮ.

ಪಟ್ಟಿಗಳ ಆಕಾರದಲ್ಲೇ ಒಂದು ಯುಗದ ಗುರುತಿದೆ. 1944ರವರೆಗೆ ಅವನ್ನು ನಡುನಡುವೆ ಕೆತ್ತಿ, ತಗ್ಗು ಮಾಡಿ, ಹಗುರಗೊಳಿಸುತ್ತಿದ್ದರು. ಹಲಗೆ ಸಡಿಲವಾಗಿ ಕಂಪಿಸಿ ಮಂದ್ರ ಸ್ವರಗಳು ತುಂಬಿಕೊಂಡು ಬರುತ್ತಿದ್ದವು. ಆದರೆ ನುಡಿಸುವವರು ಹೆಚ್ಚು ಸದ್ದಿಗಾಗಿ ದಪ್ಪ ತಂತಿ ಹಾಕತೊಡಗಿದಾಗ ಹಲಗೆಗಳು ಉಬ್ಬಿ ದುರಸ್ತಿಗೆ ಬರತೊಡಗಿದವು. ಕಂಪೆನಿ ಕೆತ್ತುವುದನ್ನೇ ನಿಲ್ಲಿಸಿತು. ಗಿಟಾರ್ ಗಟ್ಟಿಯಾಯಿತು, ದನಿ ಬಿಗಿಯಾಯಿತು. ಹಳೆಯ ದನಿಗಾಗಿ ಜನ ಮೂರು ದಶಕ ಹಂಬಲಿಸಿದ ಮೇಲೆ, 1976ರಲ್ಲಿ ಒಂದು ಹೊಸ ಮಾದರಿಯ ಮೂಲಕ ಕೆತ್ತಿದ ಪಟ್ಟಿಗಳು ಮರಳಿದವು. ಹಳೆಯ ಮಾರ್ಟಿನ್‌ಗಳಿಗೆ ಇಂದು ತೆರುವ ಬೆಲೆಯಲ್ಲಿ ದೊಡ್ಡ ಪಾಲು ಈ ಕಾಣದ ಪಟ್ಟಿಗಳದ್ದು.

ಯುದ್ಧವೂ ಗಿಟಾರಿನ ಮೇಲೆ ಗುರುತು ಬಿಟ್ಟಿದೆ. ಡಿ-28 ಎಂಬ ಹೆಸರಾಂತ ಮಾದರಿಯ ಅಂಚಿಗೆ ಮೀನಿನ ಮುಳ್ಳಿನಂತೆ ಕಾಣುವ ಒಂದು ಸಣ್ಣ ಮರದ ಪಟ್ಟಿ ಇತ್ತು. ಅದು ಜರ್ಮನಿಯಿಂದ ಬರುತ್ತಿತ್ತು. ಯುದ್ಧದಲ್ಲಿ ಆಮದು ನಿಂತಿತು. ದಾಸ್ತಾನು ಮುಗಿಯುವವರೆಗೆ ಬಳಸಿ 1947ರ ಆರಂಭದಲ್ಲಿ ಕೈಬಿಟ್ಟರು. ಕತ್ತು ಬಾಗದಿರಲೆಂದು ಒಳಗೆ ಇಡುತ್ತಿದ್ದ ಉಕ್ಕಿನ ಸರಳೂ ಯುದ್ಧದ ಪಾಲಾಯಿತು. 1942ರಿಂದ ಕೆಲಕಾಲ ಅದರ ಬದಲು ಕರಿಮರದ ಪಟ್ಟಿ ಹಾಕಿದರು. ಪರೀಕ್ಷೆ ಬಲು ಸರಳ: ಕತ್ತಿನ ಮೇಲೆ ಒಂದು ಅಯಸ್ಕಾಂತ ಇಟ್ಟು ನೋಡಿದರಾಯಿತು. ಹಿಡಿದುಕೊಂಡರೆ ಒಳಗೆ ಉಕ್ಕು, ಜಾರಿದರೆ ಮರ. ಅದೇ ವರ್ಷಗಳಲ್ಲಿ ಮಿಶಿಗನ್ ರಾಜ್ಯದ ಕಲಮಜೂದಲ್ಲಿದ್ದ ಗಿಬ್ಸನ್ ಕಾರ್ಖಾನೆಯಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋಗಿ, ಗಿಟಾರ್ ಮಾಡಿದವರು ಹೆಚ್ಚಾಗಿ ಹೆಂಗಸರು. ಆ ಗಿಟಾರುಗಳ ತಲೆಯ ಮೇಲೆ ‘ಗಿಬ್ಸನ್ ಒಂದೇ ಸಾಕಷ್ಟು ಒಳ್ಳೆಯದು’ ಎಂಬರ್ಥದ ಪುಟ್ಟ ಪಟ್ಟಿ ಬರೆದಿರುತ್ತದೆ. ಯುದ್ಧಕಾಲದಲ್ಲಿ ತಾನು ಗಿಟಾರ್ ಮಾಡಲೇ ಇಲ್ಲ ಎಂಬಂತೆ ಕಂಪೆನಿ ಬಹುಕಾಲ ಇತ್ತು. ಮಾಡಿದ ಹೆಂಗಸರ ಕತೆ ಪುಸ್ತಕವಾಗಿ ಬರಲು 2013ರವರೆಗೆ ಕಾಯಬೇಕಾಯಿತು.

ಹಳೆಯ ಗಿಟಾರಿಗೆ ಕಾಲ ಮಾಡುವ ಹಾನಿಗಿಂತ ಒಳ್ಳೆಯ ಮನಸ್ಸಿನವರು ಮಾಡುವ ಹಾನಿಯೇ ಹೆಚ್ಚು. ಅಟ್ಟದಲ್ಲಿ ಅಜ್ಜನ ಗಿಟಾರ್ ಸಿಕ್ಕಿತೆನ್ನಿ. ಮೆರುಗೆಣ್ಣೆ ಹಳದಿಗಟ್ಟಿ, ಒಣಗಿದ ಕೆರೆಯಂಗಳದಂತೆ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಮಗನೋ ಮೊಮ್ಮಗನೋ ಅದನ್ನು ಉಜ್ಜಿ ತೆಗೆದು ಹೊಸ ಪಾಲಿಷ್ ಹಾಕಿಸುತ್ತಾನೆ. ಗಿಟಾರ್ ಮಿರಮಿರ ಮಿಂಚುತ್ತದೆ, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಜ್ಜುವಾಗ ಹಲಗೆಯೂ ಒಂದಿಷ್ಟು ತೆಳುವಾಗಿರುತ್ತದೆ, ಅದನ್ನು ಮತ್ತೆ ತುಂಬಲಾಗದು. ಇಂಥ ಗುಟ್ಟನ್ನು ನೇರಳಾತೀತ ದೀಪ ಬಯಲು ಮಾಡುತ್ತದೆ: ಹಳೆಯ ಮೆರುಗೂ ಹೊಸದೂ ಆ ಬೆಳಕಿನಲ್ಲಿ ಬೇರೆ ಬೇರೆಯಾಗಿ ಹೊಳೆಯುತ್ತವೆ. ತಂತಿ ಬಿಗಿಯುವ ಬಿರಡೆಗಳನ್ನು ಬದಲಿಸಿದ್ದರೆ ಹಳೆಯ ತಿರುಪಿನ ತೂತುಗಳು ಅಲ್ಲೇ ಸಾಕ್ಷಿ ಹೇಳುತ್ತವೆ.

ಇದಕ್ಕಿಂತ ದೊಡ್ಡ ಅನಾಹುತ ತಂತಿಯದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ ಗಿಟಾರಿಗೆ ಹಾಕುತ್ತಿದ್ದುದು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ. ಮಾರ್ಟಿನ್ ಉಕ್ಕಿನ ತಂತಿಗೆಂದೇ ಗಿಟಾರ್ ಕಟ್ಟತೊಡಗಿದ್ದು 1922ರ ಸುಮಾರಿಗೆ. ಅದಕ್ಕಿಂತ ಹಿಂದಿನ ಗಿಟಾರಿಗೆ ಉಕ್ಕಿನ ತಂತಿ ಬಿಗಿದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ತಂತಿ ಕೂರುವ ಕುದುರೆ ಮೇಲೆದ್ದು ಬರುತ್ತದೆ, ಹಲಗೆ ಉಬ್ಬುತ್ತದೆ, ಕೊನೆಗೆ ಸೀಳುತ್ತದೆ. ನೂರು ವರ್ಷ ತಾಳಿಕೊಂಡದ್ದು ಒಂದು ಮಳೆಗಾಲದಲ್ಲಿ ಹೋದೀತು. ಹಳೆಯ ಗಿಟಾರ್ ಕೈಗೆ ಬಂದಾಗ ಮೊದಲು ತಂತಿ ಸಡಿಲಿಸಬೇಕು, ಆಮೇಲೆ ವಯಸ್ಸು ವಿಚಾರಿಸಬೇಕು.

ಹಾಗೆಂದು ಏನನ್ನೂ ಮುಟ್ಟಬಾರದೆಂದಲ್ಲ. ದಶಕಗಳ ಎಳೆತಕ್ಕೆ ಕತ್ತು ಮುಂದಕ್ಕೆ ವಾಲಿ, ತಂತಿಗಳು ಬೆರಳಿಗೆ ಎಟುಕದಷ್ಟು ಮೇಲೇರುವುದು ಸಹಜ. ಚರ್ಮ, ಮೂಳೆ ಬೇಯಿಸಿ ಮಾಡಿದ ಹಳೆಯ ಸರೇಸು ಅಂಟು ಬಿಸಿ ಹಬೆಗೆ ಕರಗುತ್ತದೆ. ಬಲ್ಲವರು ಹಬೆ ಹಾಯಿಸಿ ಕತ್ತನ್ನು ಬಿಡಿಸಿ, ಬುಡವನ್ನು ಕೂದಲೆಳೆಯಷ್ಟು ತೀಡಿ ಮತ್ತೆ ಕೂರಿಸುತ್ತಾರೆ. ಇಂಥ ದುರಸ್ತಿಯನ್ನು ಯಾವ ಸಂಗ್ರಾಹಕರೂ ದೋಷವೆನ್ನುವುದಿಲ್ಲ. ಹಿಂದೆ ಕಟ್ಟಿದವನು ಮುಂದೆ ಬಿಚ್ಚುವವನನ್ನು ನೆನೆದು ಅಂಟು ಹಾಕಿದ್ದ. ಆ ಜಾಗಕ್ಕೆ ಇಂದಿನ ಎಪಾಕ್ಸಿ ಸುರಿದವನಿಗೆ ಆ ನೆನಪಿಲ್ಲ.

ಸವೆತವೆಲ್ಲ ನಷ್ಟವೂ ಅಲ್ಲ. ಹಾಡುಗಾರ ವಿಲಿ ನೆಲ್ಸನ್‌ನ 1969ರ ಮಾರ್ಟಿನ್ ಗಿಟಾರಿನ ಮೇಲ್ಹಲಗೆಯಲ್ಲಿ ನುಡಿಸಿ ನುಡಿಸಿಯೇ ಒಂದು ತೂತು ಬಿದ್ದಿದೆ. ಅದನ್ನು ಮುಚ್ಚಿಸುವ ಮಾತನ್ನು ಯಾರೂ ಆಡುವುದಿಲ್ಲ. ಕರ್ಟ್ ಕೊಬೇನ್ ನುಡಿಸಿದ 1959ರ ಮಾರ್ಟಿನ್ 2020ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಅದೇ ಮಾದರಿಯ ಬೇರೆ ಗಿಟಾರಿಗೆ ಅದರ ನೂರನೆಯ ಒಂದು ಭಾಗವೂ ಬರಲಿಕ್ಕಿಲ್ಲ. ಇದು ಹೆಸರಿನ ಬೆಲೆ, ಮರದ್ದಲ್ಲ. ಮರದ ಬೆಲೆ ನೋಡಬೇಕೆಂದರೆ ಡಿ-45 ಇದೆ. 1933ರಿಂದ 1942ರವರೆಗೆ ಮಾರ್ಟಿನ್ ಇಂಥವನ್ನು ಮಾಡಿದ್ದು 91 ಮಾತ್ರ. ನುಡಿಸಿದವರು ಯಾರೆಂದು ತಿಳಿಯದಿದ್ದರೂ ಅವು ಲಕ್ಷಾಂತರ ಡಾಲರಿಗೆ ಬಿಕರಿಯಾಗುತ್ತವೆ.

ಈ ಮರದ ಕತೆ ಕೊನೆಗೆ ಕರ್ನಾಟಕದ ಕಾಡಿಗೂ ಬಂದು ಮುಟ್ಟುತ್ತದೆ. ಡಿ-28, ಡಿ-45ಗಳ ಬೆನ್ನು, ಪಕ್ಕೆಗಳಿಗೆ ಮೊದಲು ಬಳಸುತ್ತಿದ್ದುದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದಲ್ಲಿ ಅಗಲವಾದ ಹಲಗೆಗಳು ಸಿಗುವುದೇ ಕಷ್ಟವಾಯಿತು. 1965ರಲ್ಲಿ ಮಾರ್ಟಿನ್, ಬೆನ್ನನ್ನು ಎರಡರ ಬದಲು ಮೂರು ತುಂಡುಗಳಿಂದ ಕೂಡಿಸಿದ ಡಿ-35 ಮಾದರಿಯನ್ನು ತಂದದ್ದು ಅಂದಕ್ಕಾಗಿ ಅಲ್ಲ, ಕಿರಿದಾದ ಹಲಗೆಗಳನ್ನು ದಕ್ಕಿಸಿಕೊಳ್ಳಲಿಕ್ಕೆ. ಆಮೇಲೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿತು. 1969ರಲ್ಲಿ ಕಂಪೆನಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿಕೊಂಡಿತು. ಅದೇ ನಮ್ಮ ಬೀಟೆ. ಕೊಡಗು, ಮಲೆನಾಡು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕೆತ್ತನೆ ಕುಸುರಿಗೆ ಹೆಸರಾದ ಮರ. ವೀಣೆಗೆ ಹಲಸನ್ನು ನೆಚ್ಚಿದ ನಾಡಿನ ಬೀಟೆ, ಅಮೆರಿಕದ ಹಳ್ಳಿ ಹಾಡಿಗೆ ಒಡಲಾಯಿತು.

ಎರಡೂ ಒಂದೇ ಕುಲದ ಮರಗಳು. ಕಣ್ಣಿಗೆ ಗುರುತು ಸಿಗುವುದು ರೂಢಿಯಿಂದ. ಬ್ರೆಜಿಲ್ ಮರದಲ್ಲಿ ಕೆಂಪು ಬೆರೆತ ಕಂದು ಬಣ್ಣ, ಮಸಿ ಚೆಲ್ಲಿದಂತೆ ಸುತ್ತಿ ಹರಿಯುವ ಕಪ್ಪು ಗೆರೆ. ಬೀಟೆಯಲ್ಲಿ ನೇರಳೆ ಛಾಯೆ, ನೇರವಾದ, ಒಂದೇ ಸಮನಾದ ಎಳೆ. ಬೀಟೆಯ ದನಿ ಕೀಳೆಂಬ ಮಾತು ಸಂಗ್ರಾಹಕರಲ್ಲಿದೆ. ಕಣ್ಣು ಕಟ್ಟಿ ಕೇಳಿಸಿದರೆ ಆ ಮಾತಿಗೆ ಎಷ್ಟು ಜನ ಅಂಟಿಕೊಂಡಾರೋ ಅನುಮಾನ. ಬೆಲೆಯ ಅಂತರವನ್ನು ಹುಟ್ಟಿಸಿದ್ದು ಕಿವಿಗಿಂತ ಕೊರತೆ.

ಕೊರತೆ ಈಗ ಬೀಟೆಗೂ ಬಂದಿದೆ. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದ, ಬ್ರೆಜಿಲ್ ರೋಸ್‌ವುಡ್ಡನ್ನು 1992ರಲ್ಲೇ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತ್ತು. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳು ಎರಡನೆಯ ಪಟ್ಟಿಗೆ ಬಂದವು. ಗಿಟಾರ್ ಮಾರುವವರೂ ತಯಾರಿಸುವವರೂ ಕಾಗದಪತ್ರಗಳಲ್ಲಿ ಮುಳುಗಿ ಗೋಳಾಡಿದ ಮೇಲೆ, 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಮಾತ್ರ ಸಿಗಲಿಲ್ಲ. ಹಾಗಾಗಿ 1968ರ ಡಿ-28 ಒಂದನ್ನು ಗಡಿ ದಾಟಿಸಿ ಮಾರಲು ಹೊರಟವರು ಪರವಾನಗಿ ಹಿಡಿದಿರಬೇಕು. 1971ರದ್ದಕ್ಕೆ ಅದು ಬೇಡ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರು. ಕಸ್ಟಮ್ಸ್ ಅಧಿಕಾರಿಯೂ ಈಗ ಕಿಂಡಿಯೊಳಗೆ ದೀಪ ಬಿಟ್ಟು ಇಣುಕಬೇಕಾಗಿದೆ.