ಹನ್ನೆರಡು ಇಪ್ಪತ್ನಾಲ್ಕಕ್ಕೆ ಮಧ್ಯಾಹ್ನ

ಬೇಸಿಗೆ ರಜೆ ಬಂತು ಅಂದ್ರೆ ಊರ ತುಂಬ ಸಮ್ಮರ್ ಕ್ಯಾಂಪ್ ಬ್ಯಾನರ್‌ಗಳು. ಡ್ರಾಯಿಂಗ್, ಕರಾಟೆ, ಅಬ್ಯಾಕಸ್, ಈಗೀಗ ರೋಬೋಟಿಕ್ಸ್ ಕೂಡ. ಬೆಂಗಳೂರಿನ ಮಕ್ಕಳಿಗೆ ನೆಹರು ತಾರಾಲಯ ಇದೆ, ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ದಾವಣಗೆರೆ ಸುತ್ತಮುತ್ತಲ ಹಳ್ಳಿ ಶಾಲೆಯ ಮಕ್ಕಳಿಗೆ ಏನಿದೆ ಅಂತ ಯೋಚಿಸಿ, ನಾವು ಏಳು ಜನ ಸೇರಿ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಶಿಬಿರ ಶುರು ಮಾಡಿದ್ವಿ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಧ್ಯಾಹ್ನ ಒಂದಕ್ಕೆ ಮನೆಗೆ ಹೋಗೋ ಶಿಬಿರ, ಐದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ.

ಮೊದಲನೇ ವರ್ಷದ್ದು ಹೇಳಿಬಿಡ್ತೀನಿ. ಮೂರು ದಿನ ಮಾಡಿದ್ವಿ, ಮೂರೂ ದಿನ ಭರ್ಜರಿ. ಅಡುಗೆ ಸೋಡಾಗೆ ವಿನೆಗರ್ ಸುರಿದು ಜ್ವಾಲಾಮುಖಿ, ಬಾಟಲಿ ರಾಕೆಟ್, ಬಲೂನ್ ಕಾರು. ಎಲ್ಲಾ ನಾವೇ ಮಾಡಿ ತೋರಿಸಿದ್ವಿ, ಮಕ್ಕಳು ಚಪ್ಪಾಳೆ ತಟ್ಟಿದ್ರು. ಕೊನೇ ದಿನ ಒಬ್ಬ ಹುಡುಗ ಹತ್ತಿರ ಬಂದು, "ಮ್ಯಾಜಿಕ್ ಶೋ ಭಾಳ ಚೆನ್ನಾಗಿತ್ತಣ್ಣ" ಅಂದ. ಪಾಪ, ಹೊಗಳಿದ್ದು ಅವನು. ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಎರಡನೇ ವರ್ಷ ದಿನ ಜಾಸ್ತಿ ಮಾಡಿದ್ವಿ, ಐಟಂ ಕಮ್ಮಿ ಮಾಡಿದ್ವಿ. ಏಪ್ರಿಲ್ 20ರಿಂದ ಮೇ 2ರವರೆಗೆ. ಶಾಲೆ ಅಂಗಳದಲ್ಲಿ ಒಂದು ಮೀಟರ್ ಉದ್ದದ, ಎರಡು ಇಂಚಿನ ಪಿವಿಸಿ ಪೈಪಿಗೆ ಕ್ಯಾಪ್ ಹಾಕಿ ನೆಟ್ಟಗೆ ನಿಲ್ಲಿಸಿದ್ವಿ. ನೆಟ್ಟಗಿದೆಯಾ ಅಂತ ನೋಡಿದ್ದು ಮಕ್ಕಳೇ, ಗಾರೆ ಕೆಲಸದವರು ಗೋಡೆ ನೋಡೋ ಹಾಗೆ ದಾರಕ್ಕೆ ಕಲ್ಲು ಕಟ್ಟಿ. ಆಮೇಲೆ ಕೇಳಿದ್ವಿ: ಸೂರ್ಯ ನೆತ್ತಿ ಮೇಲೆ ಬರೋದು ಯಾವಾಗ? ಎಲ್ಲರೂ ಒಂದೇ ಸಲಕ್ಕೆ, "ಹನ್ನೆರಡು ಗಂಟೆಗೆ!" ನಿಜ ಹೇಳ್ಬೇಕಂದ್ರೆ ನಮ್ಮ ಕ್ಲಾಸಲ್ಲಿ ಕೇಳಿದ್ರೂ ಇದೇ ಉತ್ತರ ಬರುತ್ತೆ.

ಸರಿ, ನೋಡೋಣ ಅಂತ 12:08ರಿಂದ ನಾಲ್ಕು ನಿಮಿಷಕ್ಕೊಂದು ಸಲ ನೆರಳಿನ ತುದಿಗೆ ಚುಕ್ಕೆ ಇಟ್ಟರು. ಹನ್ನೆರಡು ಕಳೆದ ಮೇಲೂ ನೆರಳು ಚಿಕ್ಕದಾಗ್ತಾನೇ ಇತ್ತು. ಅತಿ ಚಿಕ್ಕದಾಗಿದ್ದು ಸುಮಾರು 12:24ಕ್ಕೆ. ಆಗಲೂ ಸೊನ್ನೆ ಆಗಲಿಲ್ಲ, ಉತ್ತರದ ಕಡೆಗೆ 5 ಸೆಂ.ಮೀ. ಉಳಿದಿತ್ತು.

ಇಲ್ಲಿ ಎರಡು ಪ್ರಶ್ನೆ ಇವೆ. ಮೊದಲನೇದು, ಇಪ್ಪತ್ನಾಲ್ಕು ನಿಮಿಷ ಎಲ್ಲಿಂದ ಬಂತು? ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ದಾವಣಗೆರೆ ಇರೋದು 75.9ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. 6.6 ಡಿಗ್ರಿಗೆ 26 ನಿಮಿಷ. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷ ಓರೆ. ಆ ಕಾರಣಕ್ಕೆ ಏಪ್ರಿಲ್ ಕೊನೆಯಲ್ಲಿ ಸೂರ್ಯ ಎರಡು ನಿಮಿಷ ಮುಂದಿರ್ತಾನೆ. ಉಳಿದದ್ದು 24. ಇದನ್ನ ಮಕ್ಕಳಿಗೆ ಹೇಳೋಕೆ ಒಂದು ಫುಟ್‌ಬಾಲು, ಒಂದು ಟಾರ್ಚು ಸಾಕಾಯ್ತು. ಕೊನೆಯ ಎರಡು ನಿಮಿಷದ ಕತೆ ಮಾತ್ರ ನಾವೇ ಬಿಟ್ಟುಬಿಟ್ವಿ.

ಎರಡನೇದು, ನೆರಳು ಯಾಕೆ ಪೂರ್ತಿ ಹೋಗಲಿಲ್ಲ? ಇದಕ್ಕೆ ಉತ್ತರ ಕೊಡಲೇಬಾರದು ಅಂತ ನಾವು ಮೊದಲೇ ಮಾತಾಡಿಕೊಂಡಿದ್ವಿ. ಶಿಬಿರ ದಿನಾ ಇರುತ್ತೆ, ನಾಳೆ ಮತ್ತೆ ಅಳೀರಿ ಅಂದ್ವಿ, ಅಷ್ಟೇ. ಒಂದೇ ದಿನದ ಕಾರ್ಯಕ್ರಮದಲ್ಲಿ ಈ ಮಾತು ಹೇಳೋಕೇ ಆಗಲ್ಲ.

ನೆರಳು ದಿನಕ್ಕೆ ಕಮ್ಮಿ ಆಗೋದು 6 ಮಿ.ಮೀ. ಅಷ್ಟೇ. ತಮಾಷೆ ಏನಂದ್ರೆ ನೆರಳಿನ ಅಂಚೇ ಅದಕ್ಕಿಂತ ಜಾಸ್ತಿ ಮಬ್ಬು. ಸೂರ್ಯ ಚುಕ್ಕೆ ಅಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಒಂದು ಮೀಟರ್ ಎತ್ತರದ ಪೈಪಿನ ನೆರಳಿಗೆ ಸುಮಾರು 9 ಮಿ.ಮೀ. ಮಬ್ಬು ಅಂಚು. ಎಲ್ಲಿಗೆ ಚುಕ್ಕೆ ಇಡೋದು ಅಂತ ದೊಡ್ಡ ಜಗಳ ಆಯ್ತು. ಕಡೆಗೆ ಮಬ್ಬಿನ ನಡುವಿಗೆ, ಮೂರು ಜನ ಬೇರೆ ಬೇರೆ ಅಳೆದು ಸರಾಸರಿ ತಗೋಬೇಕು ಅಂತ ಅವರೇ ತೀರ್ಮಾನ ಮಾಡಿದ್ರು. ಮೊದಲ ಸೆಮ್ ಫಿಸಿಕ್ಸ್ ಲ್ಯಾಬಲ್ಲಿ ಸರಾಸರಿ ಯಾಕೆ ತಗೋತೀವಿ ಅಂತ ನಂಗೆ ಇಷ್ಟು ಚೆನ್ನಾಗಿ ಅರ್ಥ ಆಗಿರಲಿಲ್ಲ.

ದಿನಾ ಬರೋ ಶಿಬಿರಕ್ಕೆ ತೊಂದರೆಗಳೂ ಇವೆ. ಅಜ್ಜಿ ಊರು, ಮದುವೆ, ಜಾತ್ರೆ, ಮೇಕೆ ಕಾಯೋದು ಅಂತ ನಾಲ್ಕನೇ ದಿನಕ್ಕೆ ಅರ್ಧ ಮಕ್ಕಳು ಇಲ್ಲ. ಅದಕ್ಕೇ ರೀಡಿಂಗ್‌ಗಳನ್ನ ಗೋಡೆಗೆ ಅಂಟಿಸಿದ ದೊಡ್ಡ ಚಾರ್ಟಲ್ಲಿ ಬರೆದಿದ್ದು. ತಪ್ಪಿಸಿಕೊಂಡವರು ಬಂದು ನೋಡಿ ಮತ್ತೆ ಸೇರಿಕೊಳ್ತಿದ್ರು. ಬಿಸಿಲಿಗೆ ಹತ್ತು ಹತ್ತು ನಿಮಿಷದ ಪಾಳಿ, ಉಳಿದವರು ಬೇವಿನ ಮರದ ಕೆಳಗೆ, ಪಕ್ಕದಲ್ಲೇ ನೀರಿನ ಕೊಡ. ಸೂರ್ಯನ್ನ ನೇರ ನೋಡಬಾರದು ಅಂತ ದಿನಾ ಹೇಳ್ಬೇಕು, ನಿನ್ನೆ ಹೇಳಿದ್ದೀವಲ್ಲ ಅಂತ ಬಿಡೋ ಹಾಗಿಲ್ಲ.

ಉಳಿದ ಹೊತ್ತಿಗೆ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ ಟ್ಯೂಬ್. ಇದು ಅರವಿಂದ ಗುಪ್ತ ಅವರಿಂದ ಕಲಿತದ್ದು. ಐಐಟಿ ಕಾನ್ಪುರದಲ್ಲಿ ಇಂಜಿನಿಯರಿಂಗ್ ಓದಿ, ಪುಣೆಯಲ್ಲಿ ಲಾರಿ ತಯಾರಿಸೋ ಕಂಪನಿಯಲ್ಲಿದ್ದವರು, ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮಕ್ಕೆ ಹೋಗಿ ಕಸದಿಂದ ಆಟಿಕೆ ಮಾಡೋ ದಾರಿ ಹಿಡಿದರು. 2018ರಲ್ಲಿ ಪದ್ಮಶ್ರೀ ಬಂತು. ವಾಲ್ ಟ್ಯೂಬ್ ತುಂಡಿನಿಂದ ಕಡ್ಡಿ ಜೋಡಿಸಿ ಚೌಕ ಮಾಡಿದ್ರೆ ಒತ್ತಿದ ಕಡೆ ವಾಲುತ್ತೆ, ತ್ರಿಕೋನ ಅಲ್ಲಾಡಲ್ಲ. ನಮ್ಮ ಸಿವಿಲ್ ಗೆಳೆಯ ಟ್ರಸ್ ಬಗ್ಗೆ ಭಾಷಣ ಶುರು ಮಾಡೋಕೆ ಹೋದ. ಅಷ್ಟರಲ್ಲಿ ಮಕ್ಕಳು ಚೌಕಕ್ಕೆ ಓರೆಕಡ್ಡಿ ಹಾಕಿಯಾಗಿತ್ತು.

ಏಪ್ರಿಲ್ 24ಕ್ಕೆ ಸರಿಯಾಗಿ ಹನ್ನೆರಡರ ಹೊತ್ತಿಗೆ ಮೋಡ. 12:40ರವರೆಗೂ ಸರಿಯಲಿಲ್ಲ. ಏಳನೇ ಕ್ಲಾಸಿನ ಹುಡುಗನೊಬ್ಬ ಚಾರ್ಟ್ ನೋಡಿ, "ನಿನ್ನೆ 3.3, ದಿನಾ ಇಷ್ಟಿಷ್ಟೇ ಕಮ್ಮಿ ಆಗ್ತೈತೆ, ಇವತ್ತು 2.7 ಅಂತ ಬರಿಯಾಣ" ಅಂದ. ಲೆಕ್ಕ ಕರೆಕ್ಟ್. ನಾನು ಪೆನ್ ಕೊಡೋಕೆ ಕೈ ಚಾಚಿಯಾಗಿತ್ತು. ಆರನೇ ಕ್ಲಾಸಿನ ಒಬ್ಬಳು, "ನೋಡೇ ಇಲ್ವಲ್ಲ, ಹೆಂಗೆ ಬರೀತೀಯ?" ಅಂದಳು. ನಂಗೆ ಮುಖ ಬಿಸಿ ಆಯ್ತು. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಎಷ್ಟು ರೀಡಿಂಗ್ ನೋಡಿ ಬರೆದದ್ದು, ಎಷ್ಟು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು ಅನ್ನೋದು ಈ ಪತ್ರಿಕೆ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡೆಗೆ ಆ ಮನೆ ಖಾಲಿ ಉಳೀತು. ಅಂದಾಜನ್ನ ಪೆನ್ಸಿಲ್‌ನಲ್ಲಿ, ಪಕ್ಕಕ್ಕೆ, "ನೋಡಿಲ್ಲ" ಅಂತ ಸೇರಿಸಿ ಬರೆದರು.

ಮಧ್ಯೆ ಒಂದು ಭಾನುವಾರ ನಾವು ಹೋಗಿರಲಿಲ್ಲ. ಸೋಮವಾರ ನೋಡಿದ್ರೆ ಚಾರ್ಟಲ್ಲಿ ರೀಡಿಂಗ್ ಇದೆ, ಮೂರು ಜನದ್ದೂ.

ಏಪ್ರಿಲ್ 29ಕ್ಕೆ ಪೈಪಿನ ನೆರಳು ಪೈಪಿನ ಕೆಳಗೇ ಮಾಯ. ದಾವಣಗೆರೆಯ ಅಕ್ಷಾಂಶ 14.5 ಡಿಗ್ರಿ, ಸೂರ್ಯ ಉತ್ತರಕ್ಕೆ ಸರಿಯುತ್ತಾ ಅವತ್ತಿಗೆ ಅಷ್ಟೇ ಡಿಗ್ರಿಗೆ ಬಂದಿರ್ತಾನೆ. ವರ್ಷಕ್ಕೆ ಎರಡೇ ಸಲ ಹೀಗೆ. ಇನ್ನೊಂದು ಆಗಸ್ಟ್ ಮಧ್ಯದಲ್ಲಿ, ಮಳೆಗಾಲದ ಮೋಡದ ಹಿಂದೆ. ಕರ್ಕಾಟಕ ವೃತ್ತದಿಂದ ಆಚೆ ಇರೋ ದೆಹಲಿಯವರಿಗಂತೂ ಒಂದು ದಿನವೂ ಇಲ್ಲ.

ನಾವು ಅಲ್ಲಿಗೆ ಮುಗೀತು ಅಂದುಕೊಂಡು ಹಿಂದಿನ ದಿನವೇ ಮಂಡಕ್ಕಿ-ಮೆಣಸಿನಕಾಯಿಗೆ ಹೇಳಿಬಿಟ್ಟಿದ್ವಿ. ಮಕ್ಕಳು ಬಿಡಲಿಲ್ಲ, ಮೇ 2ರವರೆಗೆ ಶಿಬಿರ ಅಂದಿದ್ರಲ್ಲ ಅಂತ ಮತ್ತೆ ಅಳೆದರು. ಕೊನೇ ದಿನ ಮಧ್ಯಾಹ್ನ ಆ ಹುಡುಗಿ ಕೂಗಿದಳು: "ಅಣ್ಣಾ, ನೆರಳು ಈ ಕಡೆ ತಿರುಗೈತೆ!" ಒಂದೂವರೆ ಸೆಂಟಿಮೀಟರ್, ದಕ್ಷಿಣಕ್ಕೆ. ಸೂರ್ಯ ನಮ್ಮನ್ನ ದಾಟಿ ಉತ್ತರಕ್ಕೆ ಹೋಗಿದ್ದ. ಲೆಕ್ಕದಲ್ಲಿ ನಂಗೆ ಇದು ಗೊತ್ತಿತ್ತು, ಕಣ್ಣಾರೆ ನೋಡಿದ್ದು ನಾನೂ ಅವತ್ತೇ.

ರಜೆಗೆ ಊರಿಗೆ ಹೋಗೋರು ನಿಮ್ಮ ಓಣಿಯ ಮಕ್ಕಳ ಜೊತೆ ಶುರು ಮಾಡಬಹುದು. ನೆರಳು ಹೋಗೋ ದಿನ ಮೈಸೂರಿಗೆ ಏಪ್ರಿಲ್ 22, ಬೆಂಗಳೂರಿಗೆ 24, ಹುಬ್ಬಳ್ಳಿಗೆ ಮೇ 2, ಕಲಬುರಗಿಗೆ ಮೇ 9ರ ಆಸುಪಾಸು. ಒಂದು ವಾರ ಮೊದಲೇ ಪೈಪ್ ನೆಡಿ, ಆಮೇಲೆ ಮೂರು ದಿನ ಕೀಳಬೇಡಿ.