ಒಂದೇ ಉತ್ತರದ ಅಭ್ಯಾಸ ಮತ್ತು ಸೃಜನಶೀಲತೆ

ಮನಶ್ಶಾಸ್ತ್ರದಲ್ಲಿ ಸಮಸ್ಯೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಗುರಿ ಸ್ಪಷ್ಟವಾಗಿದ್ದು, ಸರಿಯುತ್ತರ ಒಂದೇ ಇರುವಂಥವು ನಿರ್ದಿಷ್ಟ ಸಮಸ್ಯೆಗಳು. ಪಠ್ಯಪುಸ್ತಕದ ಲೆಕ್ಕ, ಪದಬಂಧ, ತುಂಡು ಜೋಡಿಸಿ ಚಿತ್ರ ಮಾಡುವ ಆಟ ಈ ಗುಂಪಿಗೆ ಸೇರುತ್ತವೆ. ಗುರಿಯನ್ನೂ ದಾರಿಯನ್ನೂ ಬಿಡಿಸುವವರೇ ಕಂಡುಕೊಳ್ಳಬೇಕಾದವು ಮುಕ್ತ ಸಮಸ್ಯೆಗಳು. ಅರ್ಧಕ್ಕೆ ನಿಂತ ಕಥೆಯನ್ನು ಮುಗಿಸುವುದು, ಹಳೆಯ ಸಾಮಾನುಗಳಿಂದ ಆಟಿಕೆ ಮಾಡುವುದು ಇಂಥವು. ಮೊದಲನೆಯದಕ್ಕೆ ಬೇಕಾಗುವುದು ಒಂದೇ ಬಿಂದುವಿನತ್ತ ಸಾಗುವ ಏಕಮುಖ ಚಿಂತನೆ. ಎರಡನೆಯದಕ್ಕೆ ಹಲವು ಸಾಧ್ಯತೆಗಳನ್ನು ಹುಡುಕುವ ಬಹುಮುಖ ಚಿಂತನೆ. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣವನ್ನು ಸೃಜನಶೀಲತೆಗೇ ಮೀಸಲಿಟ್ಟ ಜೆ. ಪಿ. ಗಿಲ್ಫರ್ಡ್ ಮುಂದೆ ಈ ಎರಡು ಚಿಂತನಾಕ್ರಮಗಳ ವ್ಯತ್ಯಾಸವನ್ನು ಪ್ರಚುರಪಡಿಸಿದರು.

ಒಂದು ಬಗೆಯ ಸಮಸ್ಯೆಯಲ್ಲಿ ತೊಡಗಿದ ಮನಸ್ಸು ಮುಂದಿನ ಕೆಲಸಕ್ಕೂ ಅದೇ ಧೋರಣೆಯನ್ನು ಕೊಂಡೊಯ್ಯುತ್ತದೆಯೇ? ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಪಾತ್ರೆಗಳ ಪ್ರಯೋಗ ಇದಕ್ಕೆ ಸಿಕ್ಕ ಆರಂಭದ ಉತ್ತರಗಳಲ್ಲೊಂದು. 21, 127 ಮತ್ತು 3 ಅಳತೆಯ ಮೂರು ಪಾತ್ರೆಗಳಿಂದ 100 ಅಳತೆ ನೀರು ತೆಗೆಯಬೇಕು. ದೊಡ್ಡ ಪಾತ್ರೆಯನ್ನು ತುಂಬಿ, ಅದರಿಂದ 21ರ ಪಾತ್ರೆಗೆ ಒಮ್ಮೆ, 3ರ ಪಾತ್ರೆಗೆ ಎರಡು ಸಲ ಸುರಿದರೆ 100 ಉಳಿಯುತ್ತದೆ. ಇದೇ ಸೂತ್ರದಿಂದ ಬಗೆಹರಿಯುವ ಹಲವು ಲೆಕ್ಕಗಳನ್ನು ಸಾಲಾಗಿ ಕೊಟ್ಟ ಮೇಲೆ, 23, 49 ಮತ್ತು 3 ಅಳತೆಯ ಪಾತ್ರೆಗಳಿಂದ 20 ತೆಗೆಯುವ ಲೆಕ್ಕ ಬಂತು. 23ರಿಂದ 3 ಕಳೆದರೆ ಮುಗಿಯಿತು. ಆದರೆ ಹೆಚ್ಚಿನವರು ಹಳೆಯ ಸುತ್ತುದಾರಿಯನ್ನೇ ಹಿಡಿದರು. ಮುಂಚಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಇದನ್ನೇ ಎತ್ತಿಕೊಂಡವರಿಗೆ ಸುಲಭದ ದಾರಿ ತಟ್ಟನೆ ಹೊಳೆದಿತ್ತು. ಹಳೆಯ ಸೂತ್ರ ಕೆಲಸಕ್ಕೇ ಬಾರದ ಲೆಕ್ಕ ಎದುರಾದಾಗ ಹಲವರು ಕೈಚೆಲ್ಲಿದರು. ಅದನ್ನೂ ಒಂದೇ ಸಲ ಕಳೆದು ಬಿಡಿಸಬಹುದಿತ್ತು.

ವಸ್ತುಗಳ ವಿಷಯದಲ್ಲೂ ಹೀಗೆಯೇ. ಜರ್ಮನಿಯ ಕಾರ್ಲ್ ಡುಂಕರ್ 1930ರ ದಶಕದಲ್ಲಿ ರೂಪಿಸಿದ ಪ್ರಯೋಗದಲ್ಲಿ ಮೇಣದಬತ್ತಿ, ಬೆಂಕಿಕಡ್ಡಿ ಮತ್ತು ಡಬ್ಬಿಯಲ್ಲಿ ತುಂಬಿದ ಸಣ್ಣ ಮೊಳೆಗಳನ್ನು ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಲು ಹೇಳಲಾಗುತ್ತಿತ್ತು. ಡಬ್ಬಿಯನ್ನು ಖಾಲಿ ಮಾಡಿ ಗೋಡೆಗೆ ಮೊಳೆ ಹೊಡೆದು ಕೂರಿಸಿದರೆ ಅದೇ ಗೂಡಾಗುತ್ತದೆ. ಮೊಳೆಗಳು ಡಬ್ಬಿಯೊಳಗಿದ್ದಾಗ ಇದು ಹೊಳೆಯುವುದು ಕಷ್ಟ. ಡಬ್ಬಿ ಖಾಲಿಯಾಗಿ ಪಕ್ಕದಲ್ಲಿದ್ದರೆ ಸುಲಭ. ತುಂಬಿದ ಡಬ್ಬಿ ಮೊಳೆ ಇಡುವ ಪಾತ್ರೆಯಾಗಿಯೇ ಕಾಣುತ್ತದೆ. ಟಿಮ್ ಜರ್ಮನ್ ಮತ್ತು ಮಾರ್ಗರೆಟ್ ಡಿಫೈಟರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಬ್ಬಿಯನ್ನು ಬೇರೆ ಬಗೆಯಲ್ಲಿ ಬಳಸಬೇಕಾದ ಇಂಥದೇ ಸಮಸ್ಯೆಯನ್ನು ಮಕ್ಕಳಿಗೆ ಕೊಟ್ಟಾಗ, ಐದು ವರ್ಷದವರಿಗೆ ಈ ತೊಡಕು ಕಾಣಿಸಲಿಲ್ಲ; ಆರು, ಏಳು ವರ್ಷದವರಿಗೆ ಕಾಣಿಸಿತು. ಯಾವ ವಸ್ತು ಯಾವುದಕ್ಕೆ ಎಂಬ ತಿಳಿವಳಿಕೆ ಗಟ್ಟಿಯಾದಂತೆ ಬೇರೆ ಬಳಕೆಗಳು ಕಣ್ಣಿಗೆ ಬೀಳದೆ ಹೋಗುತ್ತವೆ.

ಆಟವೂ ಇದರಿಂದ ಹೊರತಲ್ಲ ಎಂಬುದಕ್ಕೆ ಲೆಗೋ ಇಟ್ಟಿಗೆಗಳ ಅಧ್ಯಯನ ಒಳ್ಳೆಯ ನಿದರ್ಶನ. ಡೆನ್ಮಾರ್ಕಿನ ಈ ಆಟಿಕೆಯ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1958ರಲ್ಲಿ. ಎಂಟು ಗುಬುಟುಗಳಿರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆದರೆ ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪೆಟ್ಟಿಗೆಗಳಲ್ಲಿ ಹಂತಹಂತದ ಸೂಚನಾ ಪುಸ್ತಿಕೆ ಇರುತ್ತದೆ. ಅದು ತೋರಿಸುವುದು ಒಂದೇ ಜೋಡಣೆಯನ್ನು.

ಪೇಜ್ ಮೊರೊ ಮತ್ತು ಮಾರಿಟ್ ಎಂಗೆಸೆಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಪುಸ್ತಿಕೆಯ ಪ್ರಕಾರ ಲೆಗೋ ಮಾದರಿ ಕಟ್ಟಿತು. ಇನ್ನೊಂದು ಗುಂಪು ಇಟ್ಟಿಗೆಗಳಿಂದ ತನಗೆ ತೋಚಿದ್ದನ್ನು ಕಟ್ಟಿತು. ಬಳಿಕ ಲೆಗೋಗೆ ಸಂಬಂಧವಿಲ್ಲದ ಸೃಜನಶೀಲ ಕೆಲಸವೊಂದನ್ನು ಕೊಟ್ಟಾಗ, ಪುಸ್ತಿಕೆ ನೋಡಿ ಕಟ್ಟಿದವರ ಉತ್ತರಗಳಲ್ಲಿ ಹೊಸತನ ಕಡಿಮೆಯಿತ್ತು. ಮುಂದಿನ ಕೆಲಸವನ್ನು ತಾವೇ ಆರಿಸಿಕೊಳ್ಳಲು ಬಿಟ್ಟಾಗ ಮುಕ್ತ ಸಮಸ್ಯೆಗಳನ್ನು ಎತ್ತಿಕೊಳ್ಳುವ ಒಲವೂ ಅವರಲ್ಲಿ ಕುಗ್ಗಿತ್ತು. ಸರಿಯಾದ ಒಂದು ಫಲಿತಾಂಶಕ್ಕಾಗಿ ಹುಡುಕುವ ಧೋರಣೆ ಆಟದ ಜೊತೆಗೇ ಮುಗಿದಿರಲಿಲ್ಲ.

ಪುಸ್ತಿಕೆಯ ಕೆಲಸವನ್ನು ಕೆಲವೊಮ್ಮೆ ಕಲಿಸುವವರ ಮಾತೇ ಮಾಡುತ್ತದೆ. ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳ ಮುಂದೆ ಕೊಳವೆಗಳ ಆಟಿಕೆಯೊಂದನ್ನು ಇಡಲಾಯಿತು. ಒಂದು ಕೊಳವೆಯನ್ನು ಎಳೆದರೆ ಅದು ಕೀಚ್ ಎನ್ನುತ್ತಿತ್ತು. ದೀಪ, ಸಂಗೀತ, ಒಳಗೆ ಅಡಗಿದ ಕನ್ನಡಿ ಇವೆಲ್ಲ ಮಕ್ಕಳು ಹುಡುಕಿಕೊಳ್ಳಬೇಕಾದ ಗುಟ್ಟುಗಳು. ಕೆಲವು ಮಕ್ಕಳಿಗೆ ‘ಇದು ಕೆಲಸ ಮಾಡುವುದು ಹೀಗೆ’ ಎಂದು ಕೀಚ್ ಸದ್ದನ್ನು ಮಾತ್ರ ತೋರಿಸಲಾಯಿತು. ಇನ್ನು ಕೆಲವರ ಎದುರು ಆ ಸದ್ದು ಅಕಸ್ಮಾತ್ ಬಂದಂತೆ ನಟಿಸಲಾಯಿತು. ತೋರಿಸಿಕೊಟ್ಟಾಗ ಮಕ್ಕಳು ಬೇಗ ಆಟ ಬಿಟ್ಟರು, ಉಳಿದ ಗುಟ್ಟುಗಳನ್ನು ಅಷ್ಟಾಗಿ ಹುಡುಕಲಿಲ್ಲ. ತಿಳಿದವರು ಒಂದನ್ನೇ ಹೇಳಿದರೆಂದರೆ ಇರುವುದೇ ಅಷ್ಟು ಎಂದು ಮಕ್ಕಳು ಊಹಿಸುತ್ತಾರೆ. ಆ ಊಹೆಯಲ್ಲಿ ತರ್ಕವಿದೆ, ಆದರೆ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ.

ಹಾಗೆಂದು ಕಟ್ಟುಪಾಡುಗಳೆಲ್ಲ ಸೃಜನಶೀಲತೆಗೆ ಅಡ್ಡಿಯಲ್ಲ. ಮೊರೊ ಮತ್ತು ಡ್ಯಾರೆನ್ ಡಾಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜ್ಯಾಮಿತೀಯ ಆಕಾರಗಳಿಂದ ಮಕ್ಕಳ ಆಟಿಕೆಯೊಂದನ್ನು ವಿನ್ಯಾಸಗೊಳಿಸಬೇಕಿತ್ತು. ಬೇಕಾದ ಆಕಾರಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದವರು ಮೊದಲು ನೆನಪಿಗೆ ಬಂದ ಪರಿಚಿತ ರೂಪಗಳತ್ತ ವಾಲಿದರು. ಇಂತಿಷ್ಟೇ ಆಕಾರಗಳು, ಎಲ್ಲವನ್ನೂ ಬಳಸಲೇಬೇಕು ಎಂಬ ಕಟ್ಟಳೆಯಿದ್ದವರಿಗೆ ಪರಿಚಿತ ದಾರಿ ಮುಚ್ಚಿಹೋಯಿತು. ಸಾಕಷ್ಟು ಸಮಯವಿದ್ದಾಗ ಅವರ ವಿನ್ಯಾಸಗಳೇ ಹೆಚ್ಚು ಸೃಜನಶೀಲವಾಗಿದ್ದವು. ಚುಕ್ಕಿ ರಂಗೋಲಿಯಲ್ಲೂ ಚುಕ್ಕಿಗಳ ಲೆಕ್ಕ ನಿಗದಿಯಾಗಿರುತ್ತದೆ, ಅದೇ ಚುಕ್ಕಿಗಳಿಂದ ಬಳ್ಳಿಯೂ ಆಗುತ್ತದೆ, ನವಿಲೂ ಆಗುತ್ತದೆ. ಸಾಮಗ್ರಿಗೆ ಮಿತಿ ಹಾಕಿ ಗುರಿಯನ್ನು ತೆರೆದಿಡುವುದು ಒಂದು ಬಗೆಯ ಕಟ್ಟುಪಾಡು. ಗುರಿಯನ್ನೇ ಮೊದಲು ಗೊತ್ತುಮಾಡುವುದು ಇನ್ನೊಂದು. ಲೆಗೋ ಪುಸ್ತಿಕೆ ಎರಡನೆಯದಕ್ಕೆ ಸೇರುತ್ತದೆ.

ಲೆಗೋ ಅಧ್ಯಯನ ಅಳೆದದ್ದು ಆಟದ ಬೆನ್ನಿಗೇ ಬಂದ ಕೆಲಸದ ಮೇಲಿನ ಪರಿಣಾಮವನ್ನು. ಪುಸ್ತಿಕೆ ನೋಡಿ ಕಟ್ಟುವ ಮಕ್ಕಳ ಸೃಜನಶೀಲತೆ ಶಾಶ್ವತವಾಗಿ ಕುಗ್ಗುತ್ತದೆಂದು ಅದರಿಂದ ಸಾಬೀತಾಗುವುದಿಲ್ಲ. ಸೂಚನೆಯಂತೆ ಕಟ್ಟುವಾಗ ನಕ್ಷೆ ಓದುವ ಚಾಕಚಕ್ಯತೆ ಬರುತ್ತದೆ, ತುಂಡುಗಳು ಒಂದಕ್ಕೊಂದು ಆತುಕೊಳ್ಳುವ ರೀತಿ ತಿಳಿಯುತ್ತದೆ. ಹೊಸದನ್ನು ಕಟ್ಟುವವರಿಗೂ ಇವು ಬೇಕಾದವೇ. ಈ ಅಧ್ಯಯನಗಳಿಂದ ಮನೆ, ಶಾಲೆಗಳಿಗೆ ದೊರೆಯುವ ತಿಳಿವು ಇಷ್ಟು: ಚಟುವಟಿಕೆಗಳ ಅನುಕ್ರಮಕ್ಕೆ ಗಮನ ಕೊಡಬೇಕು. ಲೆಕ್ಕದ ಕಿರುಪರೀಕ್ಷೆಯ ಬೆನ್ನಿಗೇ ಕಥೆ ಬರೆಸಿದರೆ ಒಂದೇ ಉತ್ತರದ ಧೋರಣೆ ಅಲ್ಲಿಗೂ ಬರುವ ಸಾಧ್ಯತೆಯಿದೆ. ಪುಸ್ತಿಕೆಯಂತೆ ಕಟ್ಟಿದ ಮಾದರಿಯನ್ನು ಕಪಾಟಿನಲ್ಲಿಡದೆ ಬಿಚ್ಚಿ, ಅದೇ ತುಂಡುಗಳಿಂದ ಬೇರೊಂದನ್ನು ಕಟ್ಟಲು ಹೇಳಿದರೆ ಕಲಿತ ಕೌಶಲವೂ ಉಳಿಯುತ್ತದೆ, ಗುರಿಯೂ ಮತ್ತೆ ತೆರೆದುಕೊಳ್ಳುತ್ತದೆ.